ಕತ್ತಲಿಗೆ ಮೊದಲು ಕೊಡಚಾದ್ರಿ

ಸಂಜೆ 6 ಗಂಟೆ. ನವೆಂಬರ್ ಮಧ್ಯದಲ್ಲಿ ಕೊಡಚಾದ್ರಿಯ ನೆತ್ತಿಯಿಂದ ನೋಡಿದರೆ ಸೂರ್ಯ ಅರಬ್ಬಿ ಸಮುದ್ರಕ್ಕೆ ಇಳಿಯುವ ಹೊತ್ತು ಅದು. ಆದರೆ ಅದು ಬಯಲಾದ ನೆತ್ತಿಯ ಲೆಕ್ಕ. ಕೆಳಗೆ ಕಾನಿನೊಳಗೆ ಐದೂಕಾಲಿಗೇ ದಿಕ್ಸೂಚಿಯ ಮುಳ್ಳು ಕಾಣುವುದಿಲ್ಲ. ಐದೂವರೆಗೆ ಮುಂದೆ ಹೋಗುವವನ ಬೆನ್ನು ಕಾಣುವುದಿಲ್ಲ. ಆಮೇಲೆ ಕಾಲಿಟ್ಟ ಜಾಗದಲ್ಲಿ ಏನಿದೆ ಎನ್ನುವುದು ಕಾಲಿಗೇ ಗೊತ್ತಾಗಬೇಕು.

ಆ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತ ಹೋದೆವು. ನಮ್ಮ ಇಡೀ ಯೋಜನೆ ಹುಟ್ಟಿದ್ದು ಹಾಗೆ. ಹುಟ್ಟಿದ ಜಾಗ ಮಾತ್ರ ಕೊಡಚಾದ್ರಿಯಿಂದ ನೇರ ಗೆರೆ ಎಳೆದರೂ 1,600 ಕಿಲೋಮೀಟರಿಗೆ ಮೇಲೆ: ದೆಹಲಿಯ ಆರ್.ಕೆ.ಪುರಂ.

ರಾವ್ ತುಲಾರಾಮ್ ಮಾರ್ಗದ ಬದಿಗೆ, ಸೆಕ್ಟರ್ 12ರಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡ. ಭಾನುವಾರ ಅಲ್ಲಿ ದೋಸೆ ತಿನ್ನಲು ಸೇರುವ ನಾವು ನಾಲ್ಕು ಜನ. ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು, ಸಾಗರದ ಕಡೆಯವರು. ಉಡುಪಿಯಿಂದ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ. ಜೆಎನ್‌ಯುನಲ್ಲಿ ಓದುವ ಹುಡುಗ. ಮತ್ತೆ ನಾನು. ಪಣ ಒಂದೇ: ಬೆಳಿಗ್ಗೆ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕು. ನಿತ್ಯಹರಿದ್ವರ್ಣದ ಕಾನು ಹೊಕ್ಕು, ಹಿಡ್ಲುಮನೆ ಅಬ್ಬಿಯ ಬಂಡೆ ಹತ್ತಿ, ಕೊಡಚಾದ್ರಿಯ ಸರ್ವಜ್ಞಪೀಠ ಮುಟ್ಟಿ, ರಾತ್ರಿ ಊಟಕ್ಕೆ ಕೊಲ್ಲೂರಿನಲ್ಲಿರಬೇಕು. ಒಂದೇ ದಿನದಲ್ಲಿ.

‘ಒಂದೇ ದಿನ ತಾನೆ?’ ಎಂದು ಯಾರಾದರೂ ಅಂದರೆ ಹಿರಿಯರು ಕನ್ನಡಕ ತೆಗೆದು ಇಡುತ್ತಿದ್ದರು. ಮಳೆಕಾಡಿನಲ್ಲಿ ಜನ ಸಾಯುವುದು ತಿಂಗಳ ಪ್ರಯಾಣಗಳಲ್ಲಲ್ಲ, ಸಂಜೆಗೆ ಮನೆಗೆ ಬಂದುಬಿಡುತ್ತೇನೆ ಎಂದು ಬರಿಗೈಯಲ್ಲಿ ಹೊಕ್ಕ ದಿನಗಳಲ್ಲಿ ಎನ್ನುವುದು ಅವರ ವಾದ.

ಮೊದಲ ಗಂಟು ತಿಂಗಳಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿದ ಹಾಗೆ. ಕೊಡಚಾದ್ರಿಯ ಪಕ್ಕದ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲೊಂದು. ಹಳ್ಳಗಳು ದಾರಿಯನ್ನೇ ಕೊಚ್ಚುತ್ತವೆ. ಹಾಗಾದರೆ ಒಣಗಿದ ಮೇಲೆ, ಜನವರಿಯಲ್ಲೋ ಮಾರ್ಚಿನಲ್ಲೋ ಹೋಗೋಣ ಎಂದ ಹುಡುಗ. ಅಕ್ಕ ತಲೆಯಾಡಿಸಿದಳು. ಒಣಗಿದ ಎಲೆಯ ಮೇಲೆ ಇನ್ನೊಂದು ಕಾದಿರುತ್ತದೆ.

ಉಣುಗು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ಕಾಯಿಲೆ ಅದು. ಊರವರು ಮಂಗನ ಕಾಯಿಲೆ ಅಂದರು, ವೈದ್ಯಲೋಕ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಬರೆದುಕೊಂಡಿತು. ಸಾಸಿವೆಗಿಂತ ಸಣ್ಣ ಮರಿ ಉಣುಗು ಕಚ್ಚಿದ್ದೂ ತಿಳಿಯದು. ಕೆಲವೇ ದಿನಗಳಲ್ಲಿ ಸುಡುವ ಜ್ವರ, ಮೈಕೈ ಮುರಿತ, ಕೆಲವರಿಗೆ ರಕ್ತಸ್ರಾವ. 2018ರ ಕೊನೆಯಲ್ಲಿ, 2019ರ ಆರಂಭದಲ್ಲಿ ಇದೇ ಶರಾವತಿ ಕಣಿವೆಯ ಅರಳಗೋಡಿನಲ್ಲಿ ಅದು ಮನೆಮನೆಗೆ ನುಗ್ಗಿ ಜೀವ ತೆಗೆಯಿತು. ಡಿಸೆಂಬರ್ ಕಳೆದು ಕಾಡು ಒಣಗಿದಂತೆಲ್ಲ ಅದರ ಕಾಲ. ಮಳೆಗೂ ಉಣುಗಿಗೂ ನಡುವೆ ಉಳಿಯುವುದು ಒಂದು ಸಣ್ಣ ಕಿಂಡಿ: ಅಕ್ಟೋಬರ್ ಕೊನೆ, ನವೆಂಬರ್.

ಆ ಕಿಂಡಿಯಲ್ಲಿ ತೂರಬೇಕು. ತೂರುವ ದಾರಿ ಎಲ್ಲಿ?

ಆರ್.ಕೆ.ಪುರಂನ ವೆಸ್ಟ್ ಬ್ಲಾಕ್‌ಗಳಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಚೇರಿಯೊಂದಿದೆ. 1767ರಲ್ಲಿ ಶುರುವಾದ ಇಲಾಖೆ, ದೇಶದ ಇಂಚಿಂಚನ್ನೂ ಅಳೆದದ್ದು. ಹಿರಿಯರು ಬೆಳಗಿನ ವಾಕಿಂಗ್‌ಗೆ ಅದರ ಮುಂದೆಯೇ ಹೋಗುವವರು. ಆ ಇಲಾಖೆಯ ಹಾಳೆಗಳನ್ನೇ ಮೇಜಿನ ಮೇಲೆ ಹರಡಿದರು. ಹಿನ್ನೀರಿನದು 48 ಜೆ/16, ಕೊಡಚಾದ್ರಿಯದು 48 ಕೆ/13. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಕಂದು ಬಣ್ಣದ ಒಂದೊಂದು ಗೆರೆಗೂ 20 ಮೀಟರ್ ಏರು. ಗೆರೆಗಳು ದೂರದೂರ ಇದ್ದರೆ ಉಸಿರಾಡಬಹುದು. ಹತ್ತಿರವಾದರೆ ಏದುಸಿರು. ಒಂದರ ಮೇಲೊಂದು ಕೂಡಿ ಕಂದು ಪಟ್ಟಿಯೇ ಆದರೆ ಅಲ್ಲಿ ನೆಲವಿಲ್ಲ, ಗೋಡೆ.

ಹುಡುಗ ಆ ಹೊತ್ತಿಗೆ ಪೆರುವಿನ ಕಥೆ ತೆಗೆದ. 1971ರ ಡಿಸೆಂಬರ್ 24. ಅಮೆಜಾನ್ ಕಾಡಿನ ಮೇಲೆ ಸಿಡಿಲಿಗೆ ಸಿಕ್ಕು ವಿಮಾನ ಛಿದ್ರವಾಗುತ್ತದೆ. ಒಳಗಿದ್ದ 92 ಮಂದಿಯಲ್ಲಿ ಕೊನೆಗೆ ಬದುಕಿದ್ದು 17ರ ಹುಡುಗಿ ಯೂಲಿಯಾನೆ ಕೋಪ್ಕೆ ಒಬ್ಬಳೇ. ಸೀಟಿಗೆ ಕಟ್ಟಿಕೊಂಡಂತೆಯೇ ಸುಮಾರು ಮೂರು ಕಿಲೋಮೀಟರ್ ಎತ್ತರದಿಂದ ಬಿದ್ದಳು. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ತೋಳಿನ ಗಾಯದಲ್ಲಿ ಹುಳು. ಅಪ್ಪ ಕಲಿಸಿದ್ದ ಒಂದು ಪಾಠ ಮಾತ್ರ ನೆನಪಿತ್ತು: ನೀರು ಹಿಡಿದು ಕೆಳಗೆ ಹೋಗು, ಜನ ಸಿಗುತ್ತಾರೆ. ತೊರೆ ಹಿಡಿದಳು, ನಡೆದಳು, ಈಜಿದಳು, ತೇಲಿದಳು. ಹನ್ನೊಂದು ದಿನದ ಮೇಲೆ ಮರ ಕಡಿಯುವವರು ಸಿಕ್ಕರು.

‘ದಾರಿ ತಪ್ಪಿದರೆ ನಾವೂ ಹಳ್ಳ ಹಿಡಿದು ಇಳಿಯೋಣ ಸರ್.’

ಹಿರಿಯರು ಬೆರಳನ್ನು ನಕ್ಷೆಯ ಮೇಲೆ ಊರಿದರು. ಕೊಡಚಾದ್ರಿಯ ಪಡುವಣ ಮೈ. ಗೆರೆಗಳೆಲ್ಲ ಕೂಡಿ ಒಂದೇ ಪಟ್ಟಿ. ನೆತ್ತಿಯಿಂದ ಕೊಲ್ಲೂರಿನ ಬುಡಕ್ಕೆ ಸಾವಿರ ಮೀಟರಿಗೂ ಹೆಚ್ಚಿನ ಕುಸಿತ. ‘ಅಮೆಜಾನ್ ಸಮತಟ್ಟು ಕಣಯ್ಯಾ. ಅಲ್ಲಿ ನೀರು ಊರಿಗೆ ಕರೆದುಕೊಂಡು ಹೋಗುತ್ತೆ. ನಮ್ಮ ಘಟ್ಟದಲ್ಲಿ ನೀರು ಅಬ್ಬಿಗೆ ಕರೆದುಕೊಂಡು ಹೋಗುತ್ತೆ.’

ಇಡೀ ಸಹ್ಯಾದ್ರಿಯ ಗುಟ್ಟು ಆ ಒಂದು ಮಾತಿನಲ್ಲಿತ್ತು. ಶರಾವತಿಯೇ ಜೋಗದಲ್ಲಿ 253 ಮೀಟರ್ ಧುಮುಕುತ್ತಾಳೆ. ಆಗುಂಬೆಯ ಬದಿಯಲ್ಲಿ ಸೀತಾನದಿ ಬರ್ಕಣದಲ್ಲಿ ಹಾರುತ್ತದೆ. ಹಳ್ಳ ಹಿಡಿದು ಇಳಿಯುವವನು ಮೊದಲು ಮಂಡಿಯುದ್ದದ ಬಂಡೆ ಇಳಿಯುತ್ತಾನೆ, ಆಮೇಲೆ ಆಳುದ್ದದ್ದು, ಆಮೇಲೆ ಜಾರಿ ಇನ್ನೊಂದು. ಹಿಂದೆ ಹತ್ತಲಾಗದು. ಮುಂದೆ ನೋಡಿದರೆ ನೀರಿನ ಸದ್ದು ಮಾತ್ರ, ನೆಲವಿಲ್ಲ. ಬೊಲಿವಿಯಾದ ತುಯಿಚಿ ನದಿಯಲ್ಲಿ 1981ರಲ್ಲಿ ಯೋಸ್ಸಿ ಗಿನ್ಸ್‌ಬರ್ಗ್ ತೆಪ್ಪ ಕಳೆದುಕೊಂಡು ಸುಮಾರು ಮೂರು ವಾರ ಒಬ್ಬನೇ ಅಲೆದದ್ದೂ ಇಂಥದೇ ಕಮರಿಯ ನೀರನ್ನು ನಂಬಿದ್ದರಿಂದ.

ಅಲ್ಲೇ ನಿಯಮ ಬರೆದೆವು. ದಾರಿ ತಪ್ಪಿದರೆ ಇಳಿಯಬಾರದು. ನಿಲ್ಲಬೇಕು. ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಕಿವಿಗೊಟ್ಟು, ಮತ್ತೆ ಆರು ಸಲ ಊದಬೇಕು.

ಇನ್ನು ಗಡಿಯಾರದ ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಬೆಟ್ಟ ಹತ್ತುವವ ಒಂದು ಸೂತ್ರ ಕೊಟ್ಟ: ಗಂಟೆಗೆ 5 ಕಿಲೋಮೀಟರ್ ನಡಿಗೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮದು ಹತ್ತಿರ ಹತ್ತಿರ 9 ಕಿಲೋಮೀಟರ್, 700 ಮೀಟರ್ ಏರು. ಸೂತ್ರದ ಪ್ರಕಾರ ಮೂರು ಗಂಟೆ. ಆದರೆ ನೇಸ್ಮಿತ್ ನಡೆದದ್ದು ಮರವಿಲ್ಲದ ತಂಪು ಗುಡ್ಡದಲ್ಲಿ. ಇಲ್ಲಿ ಬೇರು, ಕೆಸರು, ಪಾಚಿ, ಬೆವರು. ಎರಡರಷ್ಟು ಮಾಡಿದೆವು. ಆರು ಗಂಟೆ. ಬೆಳಿಗ್ಗೆ 9ಕ್ಕೆ ಕಾಡು ಹೊಕ್ಕರೆ ಮಧ್ಯಾಹ್ನ 3ಕ್ಕೆ ನೆತ್ತಿ. ಅದರ ಮೇಲೆ ಎರಡು ಗಂಟೆಯ ಮೀಸಲು. ಇನ್ನೊಂದು ಗೆರೆಯನ್ನು ಕೆಂಪು ಶಾಯಿಯಲ್ಲಿ ಎಳೆದೆವು: ಮಧ್ಯಾಹ್ನ 1:30ರ ಒಳಗೆ ಹಿಡ್ಲುಮನೆಯ ಕೊನೆಯ ಅಬ್ಬಿಯ ತಲೆ ದಾಟಿರಬೇಕು. ದಾಟದಿದ್ದರೆ ವಾಪಸ್. ಹತ್ತು ಹೆಜ್ಜೆ ಬಾಕಿ ಇದ್ದರೂ ವಾಪಸ್. ವಾದವಿಲ್ಲ.

ಆ ಕೆಂಪು ಗೆರೆ ನಮ್ಮ ಕುತ್ತಿಗೆಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಸಿದ್ಧತೆ ಶುರುವಾಯಿತು. ಆರ್.ಕೆ.ಪುರಂನ ಮಲೈ ಮಂದಿರದ ಮೆಟ್ಟಿಲನ್ನು ನೀರು ತುಂಬಿದ ಚೀಲ ಹೊತ್ತು ಹತ್ತಿದೆವು, ಇಳಿದೆವು, ಮತ್ತೆ ಹತ್ತಿದೆವು. ಅಕ್ಟೋಬರ್ ದಾಟುತ್ತಲೇ ದೆಹಲಿಯ ಗಾಳಿ ಹೊಗೆಯಾಯಿತು. ಹೊರಗೆ ಓಡುವುದು ನಿಂತಿತು. ಸರ್ಕಾರಿ ಕ್ವಾರ್ಟರ್ಸಿನ ಮೆಟ್ಟಿಲೇ ನಮ್ಮ ಘಟ್ಟವಾಯಿತು. ಮಾರ್ಕೆಟ್ಟಿನ ದರ್ಜಿಯ ಹತ್ತಿರ ಒತ್ತಾಗಿ ನೇಯ್ದ ಹತ್ತಿಬಟ್ಟೆ ಕೊಟ್ಟು ಮಂಡಿವರೆಗಿನ ಚೀಲ ಹೊಲಿಸಿದೆವು, ಮೇಲೆ ಲಾಡಿ ಕಟ್ಟಿ ಬಿಗಿಯುವಂಥದು. ಇಂಬಳಕ್ಕೆ. ಮಾಮೂಲು ಕಾಲುಚೀಲದ ನೇಯ್ಗೆಯ ಸಂದಿಯಲ್ಲಿ ಇಂಬಳ ದಾರದಂತೆ ತೂರುತ್ತದೆ, ಇದರಲ್ಲಿ ತೂರದು. ಹೊರಮೈಗೆ ನಶ್ಯದ ಪುಡಿ ಮತ್ತು ಸುಣ್ಣ.

ತಲಾ ಎರಡೂವರೆ ಲೀಟರ್ ನೀರು. ಓಆರ್‌ಎಸ್ ಪೊಟ್ಟಣ. ಅವಲಕ್ಕಿ, ಬೆಲ್ಲ, ಶೇಂಗಾ ಚಿಕ್ಕಿ. ಮೇಣ ಸವರಿದ ಬೆಂಕಿಕಡ್ಡಿ. ತಲೆಗೆ ಕಟ್ಟುವ ದೀಪ, ಬದಲಿ ಸೆಲ್ಲು. 8 ಮಿಲಿಮೀಟರಿನ ಹಗ್ಗ, 20 ಮೀಟರ್. ನಕ್ಷೆಯ ಪ್ರತಿ ಒಬ್ಬೊಬ್ಬರ ಜೇಬಿನಲ್ಲೂ, ಪ್ಲಾಸ್ಟಿಕ್ಕಿನೊಳಗೆ. ಮೊಬೈಲಿನ ಜಿಪಿಎಸ್ ಇತ್ತು, ಆದರೆ ನಲವತ್ತಡಿ ದಪ್ಪದ ಎಲೆಯ ಚಪ್ಪರದ ಕೆಳಗೆ ಅದು ಅಲೆದಾಡುತ್ತದೆ, ನಿಂತಲ್ಲೇ ನಿಮ್ಮನ್ನು ಹಳ್ಳದ ಆಚೆಗೆ ಎತ್ತಿ ಹಾಕುತ್ತದೆ. ದಿಕ್ಸೂಚಿ ಸುಳ್ಳು ಹೇಳುವುದಿಲ್ಲ. ಶಿವಮೊಗ್ಗದ ಕಡೆ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಒಂದೆರಡು ಡಿಗ್ರಿಯೊಳಗೆ.

ಔಷಧಿ ಚೀಲ ಅಕ್ಕನದು. ಡಿಆರ್‌ಡಿಒ ರೂಪಿಸಿದ ಡೆಪಾ ತೈಲವನ್ನು ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಹಂಚುತ್ತದೆ. ಅದನ್ನು ಸಾಗರ ಮುಟ್ಟಿದ ಕೂಡಲೇ ಹಿಡಿಯುವುದೆಂದು ಬರೆದುಕೊಂಡಳು. ಹಾವಿನ ಬಗ್ಗೆ ಮಾತ್ರ ಅವಳ ಮಾತು ಕಟುವಾಗಿತ್ತು. ನಮ್ಮ ದೇಶದಲ್ಲಿ ಸಿಗುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಕೊಡಚಾದ್ರಿಯ ಕಾನಿನಲ್ಲಿ ಇರುವುದು ಕಾಳಿಂಗ ಮತ್ತು ಗುಳಿಮಂಡಲ. ಎರಡಕ್ಕೂ ಆ ಮದ್ದು ತಾಗದು.

‘ಅಂದ್ರೆ?’ ಎಂದ ಹುಡುಗ.

‘ಅಂದ್ರೆ ಕಣ್ಣೇ ಮದ್ದು. ನೋಡದೆ ಕೈ ಇಡ್ಬೇಡ.’

ಹೊರಟೆವು. ದೆಹಲಿಯಿಂದ ಬೆಂಗಳೂರು, ಅಲ್ಲಿಂದ ರಾತ್ರಿಯ ತಾಳಗುಪ್ಪ ರೈಲು, ಸಾಗರ ಜಂಬಗಾರು ನಿಲ್ದಾಣ. ಒಂದು ರಾತ್ರಿ ಸಾಗರದಲ್ಲಿ ನಿದ್ದೆ. ಮುಂಜಾನೆ ಕತ್ತಲಲ್ಲೇ ಜೀಪು. ಹಸಿರುಮಕ್ಕಿಯ ಕಡವು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಹಿಂದಕ್ಕೆ ಹಬ್ಬಿ ಊರು, ತೋಟ, ಗದ್ದೆ, ಕಾನು ಎಲ್ಲವನ್ನೂ ನುಂಗಿದಳು. ನಾಡಿಗೆ ಬೆಳಕು ಕೊಟ್ಟ ಜನ ತಾವು ಮಾತ್ರ ನೀರಿನ ಆಚೆ ಸಿಕ್ಕಿಬಿದ್ದರು. ಬಸುರಿ ಬಾಣಂತಿ, ಹಾವು ಕಚ್ಚಿದವರು, ಪರೀಕ್ಷೆ ಬರೆಯುವ ಮಕ್ಕಳು, ಎಲ್ಲರಿಗೂ ಲಾಂಚೇ ಗತಿಯಾಯಿತು. ಸಿಗಂದೂರಿನ ಕಡೆ 2.44 ಕಿಲೋಮೀಟರಿನ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅರವತ್ತು ವರ್ಷ ಕಾದರು! ದಿನವೂ ಈ ನೀರು ದಾಟಿ ಬದುಕಿದವರ ಮುಂದೆ ನಮ್ಮ ಒಂದು ದಿನದ ಸಾಹಸ ಏನೂ ಅಲ್ಲ. ಈ ಮಾತನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಜೀಪು ಇಳಿದೆವು. ಕಡವು ಇತ್ತು. ನೀರು ಇರಲಿಲ್ಲ.

ಮಂಜು! ಬಿಳಿ ಗೋಡೆ. ಐದು ಮಾರು ಆಚೆ ಏನೂ ಇಲ್ಲ. ಡಿಸೆಂಬರಿನಲ್ಲಿ ಪಾಲಂನ ರನ್‌ವೇ ಕಾಣದೆ ವಿಮಾನಗಳು ನಿಲ್ಲುವುದನ್ನು ಕಂಡ ನಮಗೂ ಎದೆ ಧಸಕ್ಕೆಂದಿತು. ಈ ನೀರಿನಡಿ 1964ರ ಮರಗಳ ಬೊಡ್ಡೆಗಳು ಇನ್ನೂ ನಿಂತಿವೆ. ನೀರು ಇಳಿದಾಗ ಮೊನೆ ತೋರಿಸುತ್ತವೆ. ಲಾಂಚು ನಡೆಸುವವರಿಗೆ ಅವುಗಳ ನೆಲೆ ಬಾಯಿಪಾಠ. ಆದರೆ ಬಾಯಿಪಾಠಕ್ಕೂ ದಡದ ಗುರುತು ಬೇಕಲ್ಲ. ‘ಮಂಜು ಎದ್ದ ಮೇಲೇ ಸೈ’ ಎಂದರು. ಯಾರೂ ಗೊಣಗಲಿಲ್ಲ.

ಕಾದೆವು. ಹತ್ತು ನಿಮಿಷ. ಅರ್ಧ ಗಂಟೆ. ಮೀಸಲು ಕರಗುತ್ತಿತ್ತು. ಕೊನೆಗೆ ಗಾಳಿ ಬೀಸಿತು, ಆಚೆ ದಡದ ಒಂದು ಮರ ಮೂಡಿತು, ಎಂಜಿನ್ ಗುಡುಗಿತು. ಚಪ್ಪಟೆ ಹಲಗೆಯ ಮೇಲೆ ಬೈಕು, ಜೀಪು, ಹಾಲಿನ ಕ್ಯಾನು, ಜನ. ನಕ್ಷೆಯಲ್ಲಿ ಬರೆದದ್ದು ನೆನಪಾಯಿತು: ತುಂಬಿದಾಗ ಹಿನ್ನೀರಿನ ಮಟ್ಟ ಸಮುದ್ರದಿಂದ 1,819 ಅಡಿ, ಅಂದರೆ 554 ಮೀಟರ್. ಕೊಡಚಾದ್ರಿ 1,343. ಈ ಹಲಗೆಯಿಂದ ಆ ನೆತ್ತಿಗೆ 789 ಮೀಟರ್.

ಆಚೆ ಹತ್ತಿ, ನಿಟ್ಟೂರು ದಾಟಿ, ಕಾಡಿನ ಬಾಯಿಗೆ ಬಂದಾಗ 9:55. ಐವತ್ತೈದು ನಿಮಿಷ ಹೋಯಿತು. ಇನ್ನು ಉಳಿದ ಮೀಸಲು ಒಂದು ಗಂಟೆ ಐದು ನಿಮಿಷ.

ದಾರಿ ತೋರುವವರು ಅಲ್ಲೇ ಕಾದಿದ್ದರು. ಪಕ್ಕದ ಹಳ್ಳಿಯವರು, ಐವತ್ತು ದಾಟಿದ ಗೌಡರು. ಸೊಂಟದಲ್ಲಿ ಕತ್ತಿ, ಕಾಲಲ್ಲಿ ರಬ್ಬರ್ ಚಪ್ಪಲಿ. ನಮ್ಮ ದುಬಾರಿ ಬೂಟುಗಳನ್ನು ಒಮ್ಮೆ ನೋಡಿದರು, ಆಕಾಶವನ್ನು ಎರಡು ಸಲ ನೋಡಿದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಿದೆ, ಮಳೆ ಬರಬಹುದು ಎಂದು ಲೋಧಿ ರಸ್ತೆಯ ಹವಾಮಾನ ಭವನದ ಮುನ್ಸೂಚನೆ ಹೇಳಿತ್ತು. ಗೌಡರ ಮೂಗೂ ಅದನ್ನೇ ಹೇಳಿತು. ‘ಬೇಗ ಕಾಲು ಹಾಕಿ ಮಾರಾಯ್ರೆ.’

ಮೂಕಾಂಬಿಕಾ ವನ್ಯಜೀವಿ ಧಾಮದ ಕಾನು ನಮ್ಮನ್ನು ಒಳಗೆ ಎಳೆದುಕೊಂಡಿತು. ಬೆಳಕು ಹಸಿರಾಯಿತು. ಗಾಳಿ ನಿಂತಿತು. ದೆಹಲಿಯ ಬೆವರು ಹುಟ್ಟುವ ಮೊದಲೇ ಆರುತ್ತದೆ. ಇಲ್ಲಿನದು ಆರುವುದೇ ಇಲ್ಲ, ಮೈಯನ್ನು ತಣಿಸುವುದೂ ಇಲ್ಲ, ಸುಮ್ಮನೆ ಹರಿಯುತ್ತದೆ. ಗಂಟೆಗೆ ಅರ್ಧ ಲೀಟರ್ ಕುಡಿಯಿರಿ, ಬಾಯಾರದಿದ್ದರೂ ಕುಡಿಯಿರಿ ಎಂದು ಅಕ್ಕ ಹಿಂದಿನಿಂದ ಕೂಗುತ್ತಲೇ ಇದ್ದಳು. ನಡೆದೆವು. ಬಗ್ಗಿದೆವು. ಬಿದ್ದ ಮರ ಏರಿದೆವು. ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ ಒಬ್ಬೊಬ್ಬರೇ ಉಸಿರು ಹಿಡಿದು ಜಾರಿದೆವು.

ಇಂಬಳಗಳು ಬಂದವು. ಎಲೆಯ ತುದಿಯಲ್ಲಿ ನಿಂತು, ಮೈ ಚಾಚಿ, ನಮ್ಮ ಉಸಿರಿನ ಬಿಸಿಗೆ ತಲೆ ತಿರುಗಿಸುವವು. ದರ್ಜಿಯ ಚೀಲ ಗೆದ್ದಿತು. ಬಟ್ಟೆ ಹತ್ತಿದವು, ನಶ್ಯ ತಾಗಿ ಸುರುಟಿ ಬಿದ್ದವು. ಆದರೆ ಕೈಗೆ ಚೀಲವಿರಲಿಲ್ಲ. ಹುಡುಗನ ಮಣಿಕಟ್ಟಿನಿಂದ ರಕ್ತ ತೊಟ್ಟಿಕ್ಕಿತು, ನಿಲ್ಲಲಿಲ್ಲ. ಕಚ್ಚುವಾಗ ಅದು ರಕ್ತ ಹೆಪ್ಪುಗಟ್ಟದ ರಸ ಬಿಡುತ್ತದೆ. ಅಕ್ಕ ಹತ್ತಿ ಒತ್ತಿ ಕಟ್ಟಿದಳು. ನಿಲ್ಲದೆ ನಡೆಯುತ್ತಲೇ ಕಟ್ಟಿದಳು.

ನೀರಿನ ಸದ್ದು ಕೇಳಿತು. ಹಿಡ್ಲುಮನೆ!

ಒಂದು ಅಬ್ಬಿಯಲ್ಲ ಅದು, ಅಬ್ಬಿಗಳ ಸಾಲು. ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು. ದಾರಿ ಎಂದರೆ ಅದರ ಪಕ್ಕದ ಬಂಡೆಯೇ. ಮೂರು ಕಡೆ ಆಧಾರ ಇರುವಾಗ ಮಾತ್ರ ನಾಲ್ಕನೆಯದನ್ನು ಎತ್ತಬೇಕು: ಎರಡು ಕಾಲು ಒಂದು ಕೈ, ಇಲ್ಲ ಎರಡು ಕೈ ಒಂದು ಕಾಲು. ಹತ್ತಿದೆ. ಬಲಗೈ ಚಾಚಿದೆ. ಮೇಲಿನ ಬಂಡೆಯ ಅಂಚು, ಪಾಚಿ, ಒಂದು ಕಂದು ಎಲೆಯ ರಾಶಿ. ಬೆರಳು ಅಂಚಿಗೆ ಇನ್ನೊಂದು ಗೇಣು.

ಎಲೆಯ ರಾಶಿ ನಾಲಿಗೆ ಚಾಚಿತು.

ಗುಳಿಮಂಡಲ. ತ್ರಿಕೋನದ ತಲೆ, ಕಣ್ಣಿಗೂ ಮೂಗಿಗೂ ನಡುವೆ ಬಿಸಿ ಅಳೆಯುವ ಗುಳಿ. ನನ್ನ ಕೈಯ ಬಿಸಿಯನ್ನು ಅದು ಆಗಲೇ ಅಳೆದಿತ್ತು. ಕೈ ಹಿಂದೆ ತೆಗೆಯಬೇಕು, ತೆಗೆದರೆ ಆಧಾರ ಹೋಗುತ್ತದೆ. ಕೆಳಗೆ ಎರಡಾಳು ಆಳದ ಬಂಡೆ. ‘ಅಲ್ಲಾಡ್ಬೇಡಿ’ ಎಂದರು ಗೌಡರು, ಪಿಸುದನಿಯಲ್ಲಿ. ನನ್ನ ಎಡಗಾಲಿನ ಹಿಮ್ಮಡಿಯನ್ನು ಕೆಳಗಿನಿಂದ ಅಂಗೈಯಲ್ಲಿ ಹಿಡಿದರು, ಸರಿಸಿದರು, ಒಂದು ಬಿರುಕಿಗೆ ಇಟ್ಟರು. ಬೆರಳು ಬಿಟ್ಟೆ. ಜಾರಲಿಲ್ಲ. ಇಂಚು ಇಂಚಾಗಿ ಇಳಿದು, ಎರಡು ಮಾರು ಬಲಕ್ಕೆ ಹೋಗಿ ಬೇರೆ ಕಡೆಯಿಂದ ಹತ್ತಿದೆವು. ಹಾವು ಕದಲಲಿಲ್ಲ. ಅದರ ಜಾಗ ಅದು.

12:05. ಆಗ ಮೊದಲ ಹನಿ ಬಿತ್ತು.

ಹನಿಯಲ್ಲ, ಹಾರೆ. ಮೇಲೆ ಹುಲ್ಲಿನ ಬೋಳುಗುಡ್ಡ. ಅಲ್ಲಿ ಬಿದ್ದ ಮಳೆಯನ್ನು ಹಿಡಿದಿಡಲು ಮರವಿಲ್ಲ, ಎಲ್ಲವೂ ಒಟ್ಟಿಗೇ ಹಳ್ಳಕ್ಕೆ. ಕೊನೆಯ ಅಬ್ಬಿಗೆ ಮೊದಲು ದಾರಿ ಹಳ್ಳವನ್ನು ಅಡ್ಡ ದಾಟುತ್ತದೆ. ಗೌಡರು ದಾಟಿದರು, ಹರಡು ಮುಳುಗುವಷ್ಟು ನೀರು. ಹುಡುಗ ದಾಟಿದ, ಮಂಡಿಯವರೆಗೆ. ಅಕ್ಕ ಕಾಲಿಟ್ಟಳು.

‘ಬರಬೇಡಿ! ಅಲ್ಲೇ ನಿಲ್ಲಿ!’

ಅವಳು ಹಿಂದಕ್ಕೆ ಹಾರಿದಳು. ನೀರು ಕೆಂಪಾಯಿತು. ನೋಡುನೋಡುತ್ತ ತೊಡೆಯುದ್ದ. ಇಬ್ಬರು ಆಚೆ, ಮೂವರು ಈಚೆ. ಹತ್ತು ಮಾರು ಕೆಳಗೆ ಬಂಡೆಯ ಅಂಚು, ಅದರ ಕೆಳಗೆ ಏನೂ ಇಲ್ಲ.

ನೀರಿನ ವೇಗ ಎರಡರಷ್ಟಾದರೆ ಅದು ಕಾಲಿಗೆ ಹೊಡೆಯುವ ಬಲ ನಾಲ್ಕರಷ್ಟಾಗುತ್ತದೆ. ಮಂಡಿ ಮೇಲೇರಿದ ಘಟ್ಟದ ಹಳ್ಳಕ್ಕೆ ಕಾಲಿಡುವುದು ಧೈರ್ಯವಲ್ಲ. ಹಿರಿಯರು ಬೆತ್ತದ ಕೋಲಿಗೆ ಚಾಕುವಿನಿಂದ ಗೇಣಿಗೊಂದು ಗೀಟು ಕೊರೆದರು, ಅಂಚಿನ ಬಿರುಕಿಗೆ ಸಿಕ್ಕಿಸಿದರು, ಗಡಿಯಾರ ನೋಡಿದರು. ಸಣ್ಣ ಹಳ್ಳ ಬೇಗ ಏರುತ್ತದೆ, ಮಳೆ ನಿಂತರೆ ಬೇಗ ಇಳಿಯುತ್ತದೆ. ಕಾಯಬೇಕು, ಅಳೆಯಬೇಕು.

12:20. ಮೂರನೆಯ ಗೀಟು. 12:30. ನಾಲ್ಕನೆಯದು. ಮೈ ನಡುಗತೊಡಗಿತು. ಮಳೆಕಾಡಿನಲ್ಲೂ ಚಳಿ ಕೊಲ್ಲುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಮೂವರ ತಲೆಯ ಮೇಲೂ ಎಳೆದು, ಬೆನ್ನಿಗೆ ಬೆನ್ನು ಕೊಟ್ಟು, ಬೆಲ್ಲ ಅಗಿದೆವು. 12:45. ನಾಲ್ಕರಲ್ಲೇ ನಿಂತಿತು. ಮಳೆ ತೆಳುವಾಯಿತು. 12:55, ಮೂರೂವರೆ. 1:05, ಎರಡೂವರೆ. ಕೆಂಪು ಗೆರೆಗೆ ಇನ್ನು 25 ನಿಮಿಷ.

ಹಗ್ಗ! ಆದರೆ ಅದು ನಮ್ಮ ಕಡೆ ಇದೆ. ಒದ್ದೆ ಹಗ್ಗದ ತುದಿ ಎಸೆದರೆ ನಡುನೀರಿಗೆ ಬೀಳುತ್ತದೆ. ಅಕ್ಕ ಬಾಟಲಿಗೆ ಅರ್ಧ ನೀರು ತುಂಬಿ ತುದಿಗೆ ಬಿಗಿದಳು, ಬೀಸಿದಳು. ತಪ್ಪಿತು. ಎಳೆದಳು, ಬೀಸಿದಳು. ತಪ್ಪಿತು. ಮೂರನೆಯದು ಹುಡುಗನ ಎದೆಗೆ ಹೊಡೆಯಿತು. ಹಿಡಿದ!

ಎರಡೂ ಕಡೆ ಮರಕ್ಕೆ ಕಟ್ಟಿದೆವು, ಆಚೆಯ ಗಂಟು ಹರಿವಿನ ಕೆಳಗಿನ ಕಡೆಗೆ, ಓರೆಯಾಗಿ. ಹಗ್ಗವನ್ನು ಹಿಡಿಯಬೇಕೇ ಹೊರತು ಮೈಗೆ ಕಟ್ಟಿಕೊಳ್ಳಬಾರದು. ಕಟ್ಟಿಕೊಂಡವನನ್ನು ನೀರು ಮುಳುಗಿಸಿ ಅಲ್ಲೇ ಹಿಡಿದಿಡುತ್ತದೆ. ಹಗ್ಗದ ಕೆಳಮೈಗೆ ನಿಂತು, ಮುಖವನ್ನು ಹರಿವಿಗೆ ಎದುರು ಕೊಟ್ಟು, ಚೀಲದ ಸೊಂಟಪಟ್ಟಿ ಬಿಚ್ಚಿ, ಅಡ್ಡಡ್ಡ ಕಾಲು ಸರಿಸಬೇಕು. 1:15, ಒಂದೂವರೆ ಗೀಟು. ‘ಈಗ!’ ಎಂದರು ಗೌಡರು.

ಅಕ್ಕ ದಾಟಿದಳು. ನಾನು ದಾಟಿದೆ. ಹಿರಿಯರು ನಡುವಿಗೆ ಬಂದರು. ಕೆಳಗಿನ ಕಲ್ಲು ಉರುಳಿತು.

ಎರಡೂ ಕಾಲು ಹೋಯಿತು. ಹಗ್ಗ ಬಿಲ್ಲಿನಂತೆ ಬಾಗಿತು. ಅರವತ್ತೆರಡರ ಮೈ ನೀರಿನ ಮೇಲೆ ಅಡ್ಡಬಿತ್ತು, ಎರಡು ಮುಷ್ಟಿ ಮಾತ್ರ ಹಗ್ಗದ ಮೇಲೆ. ಚೀಲ ಒಂದು ಹೆಗಲಿನಿಂದ ಕಳಚಿ ನೀರು ಕುಡಿದು ಅವರನ್ನೇ ಎಳೆಯತೊಡಗಿತು. ‘ಬಿಡಿ! ಚೀಲ ಬಿಡಿ ಸರ್!’ ಹುಡುಗ ಕಿರುಚಿದ. ಅವರು ಎಡಗೈ ಬಿಟ್ಟರು, ಪಟ್ಟಿ ಜಾರಿಸಿದರು, ಮತ್ತೆ ಹಗ್ಗ ಹಿಡಿದರು. ಚೀಲ ಉರುಳಿತು, ಅಂಚಿಗೆ ಹೋಯಿತು, ಇಲ್ಲವಾಯಿತು. ಬೀಳುವ ಸದ್ದೂ ಕೇಳಲಿಲ್ಲ. ಗೌಡರು ಸೊಂಟದವರೆಗೆ ಇಳಿದು ಅವರ ಅಂಗಿಯ ಕಾಲರು ಹಿಡಿದು ದಡಕ್ಕೆ ಎಳೆದು ಹಾಕಿದರು.

ಮಲಗಿಯೇ ಹಿರಿಯರು ಕೈ ಎತ್ತಿ ಗಡಿಯಾರ ನೋಡಿದರು. 1:21.

ಕೊನೆಯ ಅಬ್ಬಿಯ ತಲೆ ನಮ್ಮ ಮೇಲೆಯೇ ಇತ್ತು. ಕೈಕಾಲು ಎಲ್ಲ ಹಚ್ಚಿ ಹತ್ತಿದೆವು. ಕೊನೆಯವರಾಗಿ ಅವರು ಅಂಚಿಗೆ ಬಂದಾಗ 1:27. ವಾಪಸ್ ಹೋಗಬೇಕಾಗಿರಲಿಲ್ಲ. ಹೋಗಲು ಆ ಹಳ್ಳ ಬಿಡುತ್ತಲೂ ಇರಲಿಲ್ಲ. ಇಲ್ಲಿಂದ ಹತ್ತಿರದ ಜನ, ಹತ್ತಿರದ ಜೀಪು, ಹತ್ತಿರದ ಬಿಸಿನೀರು ಎಲ್ಲವೂ ಮೇಲೆಯೇ, ಮೂಲ ಮೂಕಾಂಬಿಕೆಯ ಗುಡಿಯ ಬಳಿ. ಊಟದ ಗಂಟು ಹಿರಿಯರ ಚೀಲದ ಜೊತೆ ಹೋಗಿತ್ತು. ನಕ್ಷೆ ಹೋಗಿರಲಿಲ್ಲ, ಎಲ್ಲರ ಜೇಬಿನಲ್ಲೂ ಇತ್ತು. ಚಿಕ್ಕಿ ಹಂಚಿಕೊಂಡೆವು. ಮೀಸಲು ಎರಡು ಗಂಟೆ ಮುಗಿದು ಐದು ನಿಮಿಷ ಸಾಲ.

ಕಾಡು ಹಠಾತ್ತನೆ ಮುಗಿಯಿತು. ಹುಲ್ಲು. ಗಾಳಿ. ಮೋಡ ನೆಲದ ಮೇಲೆ ಓಡುತ್ತಿತ್ತು. ಒದ್ದೆ ಬಟ್ಟೆ ಮೈಗೆ ಹಿಮದಂತೆ ಅಂಟಿತು. ತಲೆ ತಗ್ಗಿಸಿ ಏರಿದೆವು. ಮುಂದೆ ಹೋಗುತ್ತಿದ್ದ ಗೌಡರು ಕಲ್ಲಾದರು, ಕೈ ಎತ್ತಿದರು. ಮೋಡ ಸರಿಯಿತು. ದಾರಿಯ ಮೇಲೆಯೇ ಒಂದು ಕಾಟಿ. ಕಪ್ಪು ಬಂಡೆಯಷ್ಟು ಮೈ, ಕಾಲಿಗೆ ಬಿಳಿ. ಮೂವತ್ತು ಮಾರು. ಮೂಗಿನಿಂದ ಒಮ್ಮೆ ಉಸಿರು ಬಿಟ್ಟಿತು. ನಾವು ಬಿಡಲಿಲ್ಲ. ಒಂದು ನಿಮಿಷ. ಎರಡು. ಅದು ತಲೆ ತಿರುಗಿಸಿ ಶೋಲೆಯ ಕಂದಕಕ್ಕೆ ಇಳಿಯಿತು. ಅಷ್ಟು ದೊಡ್ಡ ಮೈ ಹೋದರೂ ಒಂದು ಕಡ್ಡಿ ಮುರಿದ ಸದ್ದಿಲ್ಲ.

ನಾಲ್ಕಕ್ಕೆ ಗುಡಿ ಮುಟ್ಟಿದೆವು. ಅಂಗಳದಲ್ಲಿ ಆಕಾಶಕ್ಕೆ ನಿಂತ ಕಬ್ಬಿಣದ ಕಂಬ, ಸುಮಾರು ನಲವತ್ತಡಿ. ಶತಮಾನಗಳ ಮಳೆ ತಿಂದೂ ನಿಂತಿದೆ. ಅಲ್ಲಿನ ಮನೆಯೊಂದರಲ್ಲಿ ಬಿಸಿ ಕಷಾಯ ಕುಡಿದೆವು. ಕೊಲ್ಲೂರಿನ ಜೀಪು ಕಾದಿತ್ತು. ಹಿರಿಯರ ಮೊಣಕಾಲು ಊದಿತ್ತು. ಅಕ್ಕ ಒತ್ತಿ ನೋಡಿದಳು, ಬಗ್ಗಿಸಿದಳು, ಪಟ್ಟಿ ಸುತ್ತಿದಳು.

‘ಸರ್, ನೀವು ಜೀಪಲ್ಲಿ ಕೂತಿರಿ. ಸಾಕು.’

‘ಅಕ್ಕಯ್ಯಾ, ಬೆಳಕು ಎಷ್ಟು ಹೊತ್ತಿದೆ?’

‘ಎರಡು ಗಂಟೆ.’

‘ಹೋಗಿ ಬರೋಕೆ?’

‘ಒಂದೂ ಮುಕ್ಕಾಲು. ನಿಮ್ಮ ಕಾಲಿಗೆ.’

ಅವರು ಎದ್ದರು. ಏರಿದೆವು. ಕೋಲು ಊರಿ, ಹುಡುಗನ ಹೆಗಲು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ಅವರು ಏರಿದರು. ಒಂದು ಸಲವೂ ‘ಆಗಲ್ಲ’ ಎನ್ನಲಿಲ್ಲ. ಅವರ ಆ ಏರುವಿಕೆಯಷ್ಟು ದೊಡ್ಡದನ್ನು ನಾನು ಕಂಡಿಲ್ಲ. ಹುಡುಗನ ಕಣ್ಣು ಗಡಿಯಾರದಿಂದ ಕದಲಲಿಲ್ಲ. ಐದೂಕಾಲಿಗೆ ತಿರುಗಲೇಬೇಕು ಎಂದು ಮೊದಲೇ ಹೇಳಿದ್ದ.

5:03. ಸರ್ವಜ್ಞಪೀಠ. ಕಲ್ಲಿನ ಸಣ್ಣ ಮಂಟಪ. ಪಶ್ಚಿಮಕ್ಕೆ ಮೋಡ ಹರಿದು ಕಡಲಿನ ಒಂದು ಹೊಳಪು. ಪೂರ್ವಕ್ಕೆ, ಕೆಳಗೆ ಬಹು ದೂರದಲ್ಲಿ, ಬೆಳಿಗ್ಗೆ ದಾಟಿದ ಹಿನ್ನೀರು. ಹನ್ನೆರಡು ನಿಮಿಷ ನಿಂತೆವು. ಚಿತ್ರಮೂಲದ ಗುಹೆಗೆ ಇಳಿಯುವ ದಾರಿ ಅಲ್ಲೇ ಪಕ್ಕದಲ್ಲಿ ಕರೆಯುತ್ತಿತ್ತು. 5:15ಕ್ಕೆ ಹುಡುಗ ಸೀಟಿ ಊದಿದ. ಎಲ್ಲರೂ ತಿರುಗಿದೆವು. ಅತ್ತ ಒಬ್ಬರೂ ನೋಡಲಿಲ್ಲ.

ಜೀಪು ಮುಟ್ಟಿದಾಗ ಕತ್ತಲು. ಆಮೇಲಿನ ಮಣ್ಣುದಾರಿಯನ್ನು ದಾರಿ ಎನ್ನುವುದು ಕಷ್ಟ. ಕಲ್ಲು, ಕೊರಕಲು, ಒಂದು ಚಕ್ರ ಗಾಳಿಯಲ್ಲಿ, ನಾಲ್ಕೂ ಚಕ್ರಕ್ಕೆ ಬಲ ಹಾಕಿದರೂ ಹಿಂದಕ್ಕೆ ಜಾರುವ ಕೆಸರು. ಡ್ರೈವರ್ ಹೆಡ್‌ಲೈಟಿನ ಎರಡು ಹಳದಿ ಗೆರೆಯೊಳಗೆ ಆ ಗುಡ್ಡವನ್ನು ಇಳಿಸಿದ. ಚಾಲಕರಲ್ಲಿ ಅವನಂಥವರಿಗೆ ಪದಕ ಕೊಡಬೇಕು. ರಾತ್ರಿ ಎಂಟರ ಸುಮಾರಿಗೆ ಕೊಲ್ಲೂರು. ದೇವಸ್ಥಾನದ ದೀಪ, ಊಟದ ಸಾಲು, ಅನ್ನದ ಹಬೆ.

ಊಟಕ್ಕೆ ಮೊದಲು ಅಕ್ಕ ಯಾರನ್ನೂ ಬಿಡಲಿಲ್ಲ. ಬಟ್ಟೆ ಬದಲಿಸಿ, ಕಂಕುಳು, ಕಿವಿಯ ಹಿಂದೆ, ಮಂಡಿಯ ಸಂದು ನೋಡಿಸಿದಳು. ಇಂಬಳದ ಗಾಯ ಎಣಿಸಲಾರದಷ್ಟು. ಉಣುಗು ಒಂದೇ, ಹುಡುಗನ ಸೊಂಟಪಟ್ಟಿಯ ಕೆಳಗೆ. ಚಿಮಟಿಗೆಯಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನೇರ ಎಳೆದಳು. ಬಂತು. ತಾರೀಕು, ಹೊತ್ತು, ಕಚ್ಚಿದ ಜಾಗ ಬರೆದುಕೊಂಡಳು. ಬೈಂದೂರಿನಲ್ಲಿ ಮರುದಿನ ರೈಲು ಹತ್ತಿ ನಾವು ದೆಹಲಿಗೆ. ಅಲ್ಲಿ ಜ್ವರ ಬಂದರೆ ಡೆಂಗಿ ಎನ್ನುತ್ತಾರೆ, ಚಿಕೂನ್‌ಗುನ್ಯಾ ಎನ್ನುತ್ತಾರೆ, ಶರಾವತಿಯ ಕಾಡು ಯಾರಿಗೂ ನೆನಪಾಗದು. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಅದು ಮುಖ ತೋರಿಸುತ್ತದೆ.

ಹುಡುಗನ ಮೊಬೈಲು ಕಿತ್ತುಕೊಂಡು ಎಂಟು ದಿನಕ್ಕೂ ಬೆಳಿಗ್ಗೆ ಸಂಜೆ ಅಲಾರಂ ಇಟ್ಟಳು. ‘ಥರ್ಮಾಮೀಟರ್ ಇಟ್ಟು ನನಗೆ ಮೆಸೇಜು ಹಾಕ್ಬೇಕು. ನೂರು ದಾಟಿದ್ರೆ ಡಾಕ್ಟರ ಹತ್ರ ಮೊದಲ ಮಾತೇ ಹೇಳು, ಸಾಗರದ ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿದೆ ಅಂತ. ಈಗ ಊಟಕ್ಕೆ ನಡಿ.’